ಹತ್ತು ಶಿಲ್ಲಿಂಗಿನ ಹಿರಿಮಗಳು

‘ನನ್ನ ಹಿರಿಯ ಮಗಳಿಗೆ ಹತ್ತು ಶಿಲ್ಲಿಂಗ್.’ ವಿಲಿಯಂ ಮಲ್ಲಿನ್ಸ್ ಎಂಬಾತ 1621ರ ಚಳಿಗಾಲದಲ್ಲಿ, ಅಟ್ಲಾಂಟಿಕ್ ದಾಟಿ ಬಂದು ಸೇರಿದ ಅಮೆರಿಕದ ಪ್ಲಿಮತ್ ವಸಾಹತಿನಲ್ಲಿ, ಸಾಯುವ ಮುಂಚೆ ಹೇಳಿದ ಉಯಿಲಿನಲ್ಲಿ ಆ ಮಗಳ ಪಾಲಿಗೆ ಬಂದದ್ದು ಇಷ್ಟೇ. ಆಕೆಯ ಹೆಸರೂ ಇಲ್ಲ. ಹೆಂಡತಿ ಆಲಿಸ್‌ಗೆ ಹೆಸರಿದೆ, ಮಗ ಜೋಸೆಫ್‌ಗೆ, ಮಗಳು ಪ್ರಿಸಿಲ್ಲಾಗೆ, ಇಂಗ್ಲೆಂಡಿನಲ್ಲೇ ಉಳಿದ ಮಗ ವಿಲಿಯಂಗೆ ಹೆಸರಿದೆ. ಮನೆಯ ಆಳು ರಾಬರ್ಟ್‌ಗೂ ಇದೆ: ಅವನು ನಾನಂದುಕೊಂಡಷ್ಟು ಚೆನ್ನಾಗಿ ನಡೆದುಕೊಂಡಿಲ್ಲ, ಅವನ ಮೇಲೆ ವಿಶೇಷವಾಗಿ ಕಣ್ಣಿಡಿ, ಎಂಬ ಮಾತಿನೊಂದಿಗೆ. ಹಿರಿಯ ಮಗಳು ಮಾತ್ರ ಬರೀ ‘ಹಿರಿಯ ಮಗಳು’.

ಆಕೆಯ ಹೆಸರು ಸಿಗುವುದು ಉಯಿಲು ಮುಗಿದ ಮೇಲೆ. ಲಂಡನ್ನಿನ ನ್ಯಾಯಾಲಯದ ಗುಮಾಸ್ತ ಕೆಳಗೆ ಲ್ಯಾಟಿನ್‌ನಲ್ಲಿ ಒಂದು ಷರಾ ಬರೆದಿದ್ದಾನೆ. 1621ರ ಜುಲೈ 23ರಂದು, ಸರ್ರೆ ಪ್ರಾಂತ್ಯದ ಡಾರ್ಕಿಂಗ್ ಊರಿನವನಾಗಿದ್ದು ಸಮುದ್ರದಾಚೆಯ ಸೀಮೆಯಲ್ಲಿ ತೀರಿಕೊಂಡ ವಿಲಿಯಂ ಮಲ್ಲಿನ್ಸ್‌ನ ಆಸ್ತಿಯ ಆಡಳಿತವನ್ನು ಅವನ ಮಗಳು, ಮೊದಲು ಮಲ್ಲಿನ್ಸ್ ಎನಿಸಿಕೊಂಡಿದ್ದ ಸಾರಾ ಬ್ಲಂಡನ್‌ಗೆ ಕೊಡಲಾಗಿದೆ, ಎಂದು. ಮಗಳ ಹೆಸರು, ಮದುವೆಯಾಗಿದೆ ಎಂಬ ಸುದ್ದಿ, ಗಂಡನ ಮನೆತನ, ತಂದೆಯ ಮೂಲ ಊರು, ನಾಲ್ಕೂ ಆ ಷರಾದಲ್ಲಿವೆ. ನಾಲ್ಕರಲ್ಲಿ ಒಂದೂ ಉಯಿಲಿನ ಒಳಗೆ ಇಲ್ಲ.

ಅಮೆರಿಕದ ಹಳೆಯ ವಲಸಿಗ ಮನೆತನಗಳ ವಂಶವೃಕ್ಷ ಕಟ್ಟುವವರು ಎಡವುವುದು ಬಹುಪಾಲು ಇಲ್ಲೇ. ಉಯಿಲು ಸಿಕ್ಕಿತೆಂದರೆ ಮನೆಯವರ ಪಟ್ಟಿಯೇ ಸಿಕ್ಕಂತೆ ಎಂದುಕೊಂಡು, ಹೆಸರುಗಳನ್ನು ಬರೆದುಕೊಂಡು, ಮುಂದಿನ ತಲೆಮಾರಿಗೆ ಹೋಗಿಬಿಡುತ್ತಾರೆ. ಉಯಿಲು ರೇಷನ್ ಕಾರ್ಡ್ ಅಲ್ಲ. ಅದು ಒಬ್ಬ ಮನುಷ್ಯ ಒಂದು ದಿನ, ಇನ್ನೂ ಹಂಚದೆ ಉಳಿದಿದ್ದನ್ನು ಯಾರಿಗೆ ಮುಟ್ಟಿಸಬೇಕು ಎಂದು ಹೇಳಿದ ಕಾಗದ. ಮದುವೆಯ ಹೊತ್ತಿಗೇ ಪಾಲು ಕೊಂಡುಹೋದ ಮಗಳು, ಹೊಲ ಬರೆಸಿಕೊಂಡು ಬೇರೆಯಾದ ಮಗ, ತಂದೆಗಿಂತ ಮುಂಚೆ ಸತ್ತ ಮಗುವಿನ ಮಕ್ಕಳು ಅದರಲ್ಲಿ ಇರಲೇಬೇಕೆಂದಿಲ್ಲ. ಹತ್ತು ಶಿಲ್ಲಿಂಗ್ ಅಥವಾ ಒಂದೇ ಶಿಲ್ಲಿಂಗ್ ಕೊಟ್ಟರೆ ಅಪ್ಪನಿಗೆ ಆ ಮಗಳ ಮೇಲೆ ಸಿಟ್ಟಿತ್ತು ಎಂದು ಕಥೆ ಕಟ್ಟುವುದೂ ತಪ್ಪು. ಬಹುಸಲ ಅದರ ಅರ್ಥ ‘ಇವಳನ್ನು ಮರೆತಿಲ್ಲ, ಇವಳಿಗೆ ಸಲ್ಲಬೇಕಾದದ್ದು ಆಗಲೇ ಸಂದಿದೆ’ ಎಂದು.

ನಮಗೆ ಇದು ಸುಲಭಕ್ಕೆ ಹೊಳೆಯದಿರಲು ಕಾರಣವೂ ಇದೆ. ವಿಜ್ಞಾನೇಶ್ವರ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಬರೆದ ಮಿತಾಕ್ಷರಾ ಎಂಬ ಧರ್ಮಶಾಸ್ತ್ರ ಗ್ರಂಥದ ಪ್ರಕಾರ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಸಾಯುವವನು ‘ಕೊಡುವುದು’ ಎಂಬುದಕ್ಕೆ ಅಲ್ಲಿ ಹೆಚ್ಚು ಎಡೆಯಿಲ್ಲ. ಹಿಂದೂಗಳ ಉಯಿಲಿಗೆಂದೇ ಒಂದು ಕಾಯ್ದೆ ಬಂದದ್ದು 1870ರಲ್ಲಿ. ಇಂದು ಪೌತಿ ಖಾತೆಗೆ ನಾಡ ಕಚೇರಿಗೆ ಅಲೆದವರಿಗೆ ಗೊತ್ತು: ಮೊದಲು ಕೇಳುವುದು ವಂಶವೃಕ್ಷ, ಅದರಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಇರಬೇಕು. ಕಾಗದವೆಂದರೆ ಎಲ್ಲರ ಹೆಸರೂ ಇರುವಂಥದ್ದು ಎಂಬ ನಂಬಿಕೆ ನಮ್ಮಲ್ಲಿ ಅಲ್ಲಿಂದ ಬಂದಿದೆ. ಹದಿನೇಳನೆಯ ಶತಮಾನದ ಇಂಗ್ಲಿಷ್ ಉಯಿಲಿಗೆ ಅಂಥ ಯಾವ ಕಟ್ಟುಪಾಡೂ ಇರಲಿಲ್ಲ.

ಸತ್ತವನ ಮಾತು, ನಕಲು ತೆಗೆದ ತಾರೀಖು

ಮಲ್ಲಿನ್ಸ್‌ನ ಉಯಿಲು ಒಂದು ಪುಟವನ್ನೂ ತುಂಬುವುದಿಲ್ಲ. ಆದರೆ ಪ್ರೊಬೇಟ್ ದಾಖಲೆ, ಎಂದರೆ ಸತ್ತವರ ಆಸ್ತಿಯ ಇತ್ಯರ್ಥಕ್ಕೆ ಕೋರ್ಟಿನಲ್ಲಿ ದಾಖಲಾದ ಕಾಗದಪತ್ರ, ಓದುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ, ಆದ್ದರಿಂದ ನಿಧಾನವಾಗಿ ಓದೋಣ. ಮಲ್ಲಿನ್ಸ್ ಏರಿ ಬಂದದ್ದು ಮೇಫ್ಲವರ್ ಹಡಗು; ಅದರಲ್ಲಿ ಬಂದ 102 ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಮೊದಲ ಚಳಿಗಾಲ ದಾಟಲಿಲ್ಲ. ಮಲ್ಲಿನ್ಸ್ ತೀರಿಕೊಂಡದ್ದು ಫೆಬ್ರವರಿ 21ರಂದು. ಉಯಿಲಿನ ತಲೆಯಲ್ಲಿರುವ ತಾರೀಖು ಏಪ್ರಿಲ್ 2. ಸತ್ತವನು ಆರು ವಾರದ ಮೇಲೆ ಉಯಿಲು ಬರೆಯಲಾರ. ಕೊನೆಯ ಸಾಲು ನೋಡಿದರೆ ಗೊತ್ತಾಗುತ್ತದೆ: ಇದು ಮಲ್ಲಿನ್ಸ್ ಅವರ ಉಯಿಲಿನ ನಕಲು, ಎಂದು ಬರೆದು ಮೂವರು ರುಜು ಹಾಕಿದ್ದಾರೆ. ವಸಾಹತಿನ ಗವರ್ನರ್ ಜಾನ್ ಕಾರ್ವರ್, ಹಡಗಿನ ವೈದ್ಯ ಜೈಲ್ಸ್ ಹೀಲ್, ಹಡಗಿನ ಯಜಮಾನ ಕ್ರಿಸ್ಟೋಫರ್ ಜೋನ್ಸ್. ಮೇಫ್ಲವರ್ ಇಂಗ್ಲೆಂಡಿಗೆ ಹೊರಟದ್ದು ಏಪ್ರಿಲ್ 5ರಂದು. ಹಡಗು ಹೊರಡಲು ಮೂರು ದಿನ ಇರುವಾಗ, ಊರಿಗೆ ಕಳಿಸಬೇಕಾದ ಕಾಗದಗಳ ಜೊತೆ ಇದರ ನಕಲೂ ಸಿದ್ಧವಾಯಿತು. ಬಾಯಿಮಾತಿನ ಉಯಿಲು, ಬೇರೆಯವರ ಕೈಬರಹ, ಬೇರೆ ದಿನದ ತಾರೀಖು.

ತಾರೀಖಿನ ಈ ಗೊಂದಲಕ್ಕೆ ಬೆಲೆ ಇದೆ. ಏಪ್ರಿಲ್ 2ರ ಕಾಗದದಲ್ಲಿ ಆಲಿಸ್, ಜೋಸೆಫ್ ಹೆಸರಿದೆ ಎಂದು ಏಪ್ರಿಲ್ 2ಕ್ಕೆ ಅವರು ಬದುಕಿದ್ದರು ಎಂದು ಬರೆದುಕೊಂಡರೆ ತಪ್ಪಾಯಿತು. ಅವರು ಬದುಕಿದ್ದರು ಎಂದು ಹೇಳಬಹುದಾದದ್ದು ಮಲ್ಲಿನ್ಸ್ ಮಾತಾಡಿದ ದಿನಕ್ಕೆ ಮಾತ್ರ. ವಸಾಹತಿನ ಮುಂದಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ 1651ರ ಹೊತ್ತಿಗೆ ಹಡಗಿನಲ್ಲಿ ಬಂದ ಪ್ರತಿಯೊಬ್ಬರೂ ಏನಾದರು ಎಂದು ಬರೆದಿಟ್ಟ ಪಟ್ಟಿಯಲ್ಲಿ ಉತ್ತರವಿದೆ: ಮಲ್ಲಿನ್ಸ್, ಅವನ ಹೆಂಡತಿ, ಮಗ, ಆಳು, ನಾಲ್ವರೂ ಮೊದಲ ಚಳಿಗಾಲದಲ್ಲೇ ಸತ್ತರು, ಉಳಿದದ್ದು ಪ್ರಿಸಿಲ್ಲಾ ಒಬ್ಬಳೇ. ಕಣ್ಣಿಡಿ ಎಂದು ಹೇಳಿಸಿಕೊಂಡ ಆ ರಾಬರ್ಟ್ ಕಾರ್ಟರ್ ಕೂಡ ಹೆಚ್ಚು ದಿನ ಬದುಕಲಿಲ್ಲ. ಹೆಂಡತಿಗೆ, ಮಕ್ಕಳಿಗೆ ತಂದೆಯಂತೆ ಇರಿ ಎಂದು ಮಲ್ಲಿನ್ಸ್ ಕೇಳಿಕೊಂಡಿದ್ದು ಯಾರನ್ನೋ ಆ ಕಾರ್ವರ್ ಕೂಡ ಅದೇ ವಸಂತದಲ್ಲಿ ತೀರಿಕೊಂಡ.

ಇನ್ನು ಆಸ್ತಿ. ಇಂಗ್ಲೆಂಡಿನಲ್ಲಿ ವುಡ್ಸ್ ಎಂಬುವನ ಕೈಲಿರುವ 40 ಪೌಂಡ್, ನಾಲ್ವರಿಗೆ ಹತ್ತು ಹತ್ತರಂತೆ. ಇಂಗ್ಲೆಂಡಿನ ಸಾಲಪತ್ರ, ಬಾಂಡ್‌ಗಳು ಹಿರಿಯ ಮಗನಿಗೆ. ‘ವರ್ಜೀನಿಯಾ’ದಲ್ಲಿರುವ ಸಾಮಾನಿನಲ್ಲಿ ಅರ್ಧ ಹೆಂಡತಿಗೆ, ಉಳಿದರ್ಧ ಜೋಸೆಫ್–ಪ್ರಿಸಿಲ್ಲಾ ಇಬ್ಬರಿಗೆ ಸಮವಾಗಿ. ಪ್ಲಿಮತ್ ಇವತ್ತಿನ ಮ್ಯಾಸಚೂಸೆಟ್ಸ್‌ನಲ್ಲಿದೆ, ಆದರೆ ಆಗ ಆ ಕರಾವಳಿಯ ಉದ್ದಕ್ಕೂ ವರ್ಜೀನಿಯಾ ಎಂದೇ ಹೇಳುವ ರೂಢಿಯಿತ್ತು. ಈ ಒಂದು ಪದ ನಂಬಿ ಇವತ್ತಿನ ವರ್ಜೀನಿಯಾ ರಾಜ್ಯದ ಕೋರ್ಟುಗಳಲ್ಲಿ ಹುಡುಕಲು ಹೊರಟರೆ ಏನೂ ಸಿಗುವುದಿಲ್ಲ. ಆಮೇಲೆ 21 ಡಜನ್ ಶೂ, 13 ಜೊತೆ ಬೂಟು. ಏಳು ವರ್ಷ ಕಳೆದಾಗ 40 ಪೌಂಡಿನ ಬೆಲೆಗೆ, ವಲಸಿಗರೂ ಲಂಡನ್ನಿನ ಬಂಡವಾಳಗಾರರೂ ಸೇರಿದ ಕಂಪನಿ ತೆಗೆದುಕೊಳ್ಳಲಿ. ಒಪ್ಪಿದರೆ ಲಾಭ ಹಂಚುವಾಗ ನನಗೆ ಒಂಬತ್ತು ಷೇರು ಬರುತ್ತವೆ, ಎಂದು ಲೆಕ್ಕ ಹೇಳಿ, ಹೆಂಡತಿಗೂ ಮೂವರು ಮಕ್ಕಳಿಗೂ ಎರಡೆರಡು, ಕಂಪನಿಗೆ ಒಂದು ಎಂದು ಹಂಚಿದ್ದಾನೆ.

ಬೂಟಿಗೆ ‘ಜೊತೆ’ ಎಂದಿದೆ, ಶೂಗೆ ಇಲ್ಲ. 252 ಶೂ ಎಂದರೆ 126 ಜೊತೆಯೋ, 252 ಜೊತೆಯೋ? ಕಾಗದ ಹೇಳುವುದಿಲ್ಲ. ಬರೆದುಕೊಳ್ಳುವಾಗ ‘21 ಡಜನ್ ಶೂ’ ಎಂದಷ್ಟೇ ಬರೆದುಕೊಳ್ಳಬೇಕು. ಅರ್ಥ ಮಾಡುವುದು ಬೇರೆ ಹಾಳೆಯಲ್ಲಿ. ಏಳು ವರ್ಷದ ಗಡುವಿಗೂ ಷೇರಿಗೂ ಅರ್ಥ ಸಿಗುವುದು ಲಂಡನ್ನಿನ ಬಂಡವಾಳಗಾರರ ಜೊತೆ ವಲಸಿಗರು ಮಾಡಿಕೊಂಡ ಕರಾರಿನಲ್ಲಿ: ಹದಿನಾರು ದಾಟಿದ ಒಬ್ಬೊಬ್ಬರಿಗೂ ಹತ್ತು ಪೌಂಡಿನ ಒಂದು ಷೇರು, ಜೊತೆಗೆ ಹತ್ತು ಪೌಂಡು ಹಾಕಿದವರಿಗೆ ಎರಡು, ಹತ್ತರಿಂದ ಹದಿನಾರರೊಳಗಿನ ಇಬ್ಬರು ಮಕ್ಕಳು ಸೇರಿ ಒಂದು. ಈ ಸೂತ್ರ ಹಿಡಿದು ಒಂಬತ್ತು ಷೇರನ್ನು ಬಿಡಿಸಿ ಪ್ರಿಸಿಲ್ಲಾಗೆ ಆಗ ಎಷ್ಟು ವಯಸ್ಸು ಎಂದು ಹೇಳಿಬಿಡುವ ಆಸೆ ಹುಟ್ಟುತ್ತದೆ. ಒಂಬತ್ತನ್ನು ಹಲವು ಬಗೆಯಲ್ಲಿ ಕೂಡಿಸಬಹುದು, ಆದ್ದರಿಂದ ಅದು ಊಹೆ ಮಾತ್ರ. ಊಹೆಯನ್ನು ಊಹೆಯ ಅಂಕಣದಲ್ಲೇ ಇಡುವ ಶಿಸ್ತು ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕದಿರುವುದು ಮೇಲು.

ಸಾರಾ ಬ್ಲಂಡನ್‌ಗೆ ಆಡಳಿತ ಹೋದದ್ದಕ್ಕೂ ಕಾರಣವಿದೆ. ಉಯಿಲಿನಲ್ಲಿ ಮೇಲ್ವಿಚಾರಕರು ಇಬ್ಬರಿದ್ದಾರೆ, ಕಾರ್ವರ್ ಮತ್ತು ವಿಲಿಯಂಸನ್, ಎಕ್ಸಿಕ್ಯೂಟರ್ ಇಲ್ಲ. ಮೇಲ್ವಿಚಾರಕ ಎಂದರೆ ನೋಡಿಕೊಳ್ಳುವ ಹಿತೈಷಿ. ಆಸ್ತಿ ವಶಕ್ಕೆ ತೆಗೆದುಕೊಂಡು ಸಾಲ ತೀರಿಸಿ ಹಂಚುವ ಅಧಿಕಾರ ಎಕ್ಸಿಕ್ಯೂಟರ್‌ನದು. ಎಕ್ಸಿಕ್ಯೂಟರ್ ಹೆಸರಿಲ್ಲದಿದ್ದರೆ ಕೋರ್ಟು ‘ಉಯಿಲು ಲಗತ್ತಿಸಿದ ಆಡಳಿತ ಪತ್ರ’ವನ್ನು ಹತ್ತಿರದ ಬಂಧುವಿಗೆ ಕೊಡುತ್ತದೆ. ಮೊದಲ ಸರದಿ ಸಾಮಾನ್ಯವಾಗಿ ವಿಧವೆಯದು. ಅದು ಆಲಿಸ್‌ಗೆ ಹೋಗದೆ ಮಗಳಿಗೆ ಹೋಗಿದೆ ಎನ್ನುವುದು ಒಂದು ಸುಳಿವು, ಸಾಕ್ಷಿಯಲ್ಲ. ಷರಾದಲ್ಲಿ ಸಾರಾಳನ್ನು ‘ಸಹಜ ಮತ್ತು ನ್ಯಾಯಬದ್ಧ ಮಗಳು’ ಎಂದು ಕರೆದಿದೆ. ‘ಸಹಜ’ ಎಂಬ ಮಾತು ಒಂಟಿಯಾಗಿ ಬಂದಾಗ ಹಲವು ಸಲ ವಿವಾಹದಾಚೆ ಹುಟ್ಟಿದ ಮಗು ಎಂದರ್ಥ. ಎರಡೂ ಜೊತೆಯಾಗಿ ಬಂದರೆ ಹೊಟ್ಟೆಯಲ್ಲಿ ಹುಟ್ಟಿದ, ಮದುವೆಯೊಳಗಿನ ಮಗಳು ಎಂದಷ್ಟೇ. ಅರ್ಧ ಓದಿ ಕಳಂಕ ಹಚ್ಚಬಾರದು.

ಅಮೆರಿಕದಲ್ಲಿ ಸತ್ತವನ ಕಾಗದ ಲಂಡನ್ನಿಗೆ ಹೋದದ್ದು ಇಂಗ್ಲೆಂಡಿನಲ್ಲಿ ಅವನ ಹಣವಿದ್ದುದರಿಂದ. ಕಡಲಾಚೆ ಸತ್ತು ಇಂಗ್ಲೆಂಡಿನಲ್ಲಿ ಆಸ್ತಿ ಬಿಟ್ಟವರ ಪ್ರಕರಣ ಬರುತ್ತಿದ್ದುದು ಕ್ಯಾಂಟರ್ಬರಿಯ ಪ್ರಿರೊಗೇಟಿವ್ ಕೋರ್ಟಿಗೆ. ಅದರ ನೋಂದಾಯಿತ ಪ್ರತಿಗಳು 1858ರ ಜನವರಿಯವರೆಗೆ ಇವೆ, ಲಂಡನ್ನಿನ ಕ್ಯೂದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಪ್ರಾಬ್ 11’ ಎಂಬ ಸರಣಿಯಾಗಿ. ಆನ್‌ಲೈನ್‌ನಲ್ಲಿ ಹೆಸರು ಹಾಕಿ ಹುಡುಕಬಹುದು. ಹಳೆಯ ಪುಸ್ತಕಗಳು ಮಲ್ಲಿನ್ಸ್‌ನದನ್ನು ‘68 ಡೇಲ್’ ಎಂದು ಸೂಚಿಸುತ್ತವೆ. ಡೇಲ್ ಎಂಬುದು ಆ ವರ್ಷದ ರಿಜಿಸ್ಟರಿಗೆ ಇಟ್ಟ ಹೆಸರು. 68 ಪುಟದ ಸಂಖ್ಯೆಯಲ್ಲ, ಹಾಳೆಗಳ ಕಟ್ಟಿನ ಸಂಖ್ಯೆ. ಒಂದು ಕಟ್ಟಿಗೆ ಎಂಟು ಹಾಳೆ, ಅಂದರೆ ಹದಿನಾರು ಪುಟ. 68ನೇ ಪುಟ ತೆರೆದು ‘ಇಲ್ಲಿಲ್ಲ’ ಎಂದು ಕೈಬಿಡಬಾರದು. ವಲಸಿಗ ನ್ಯೂ ಇಂಗ್ಲೆಂಡಿನಲ್ಲೇ ಮಣ್ಣಾಗಿದ್ದರೂ ಈ ಸರಣಿಯನ್ನು ಒಮ್ಮೆ ನೋಡಲೇಬೇಕು. ಅವನದೇ ಉಯಿಲು ಸಿಗದಿದ್ದರೆ ಅಲ್ಲೇ ಉಳಿದ ಅಣ್ಣ, ಚಿಕ್ಕಪ್ಪ, ಮಕ್ಕಳಿಲ್ಲದ ಅತ್ತೆ ‘ಈಗ ನ್ಯೂ ಇಂಗ್ಲೆಂಡಿನಲ್ಲಿರುವ’ ಇಂಥವನಿಗೆ ಎಂದು ಐದು ಪೌಂಡು ಬಿಟ್ಟಿರುತ್ತಾರೆ. ಮೂಲ ಊರು ಪತ್ತೆಯಾಗುವುದು ಎಷ್ಟೋ ಸಲ ಹಾಗೆಯೇ.

ಸೊಸೆಯೋ, ಮಲಮಗಳೋ

ಮೈಲ್ಸ್ ಸ್ಟ್ಯಾಂಡಿಶ್ ಪ್ಲಿಮತ್‌ನ ಸೇನಾ ನಾಯಕ. ಅವನ ಉಯಿಲಿನ ತಾರೀಖು 1655ರ ಮಾರ್ಚ್ 7. ತೀರಿಕೊಂಡದ್ದು 1656ರ ಅಕ್ಟೋಬರ್ 3. ನೋಡಿದರೆ ಹತ್ತೊಂಬತ್ತು ತಿಂಗಳ ಅಂತರ. ನಿಜಕ್ಕೂ ಏಳೇ ತಿಂಗಳು. ಆಗ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ, ಆದ್ದರಿಂದ ನಮ್ಮ ಲೆಕ್ಕದಲ್ಲಿ ಅದು 1656ರ ಮಾರ್ಚ್. ಜನವರಿ 1ರಿಂದ ಮಾರ್ಚ್ 24ರವರೆಗಿನ ಯಾವ ತಾರೀಖನ್ನೂ 1655/56 ಎಂದು ಎರಡು ವರ್ಷ ಹಾಕಿಯೇ ಬರೆದುಕೊಳ್ಳಬೇಕು. ಕಾಗದದಲ್ಲಿ ‘ಮೊದಲ ತಿಂಗಳು’ ಎಂದಿದ್ದರೆ ಅದು ಮಾರ್ಚ್. ಇಂಗ್ಲೆಂಡೂ ಅದರ ವಸಾಹತುಗಳೂ ಈ ಪದ್ಧತಿ ಬಿಟ್ಟದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ 14. ಚಾಂದ್ರಮಾನ, ಸೌರಮಾನ ಎರಡು ಯುಗಾದಿಗಳ ನಡುವೆ ಬೆಳೆದ ನಮಗೆ ಇದು ಅಷ್ಟೇನೂ ಕಷ್ಟವಲ್ಲ. ಕಷ್ಟವಾಗುವುದು, ಗೊತ್ತಿದ್ದೂ ಮರೆಯುವುದರಿಂದ. ಮದುವೆಗೆ ಮುಂಚೆಯೇ ಮಗು, ಸತ್ತ ಮೇಲೆ ಕ್ರಯಪತ್ರ ಎಂಬಂಥ ಅಸಂಬದ್ಧಗಳು ವಂಶವೃಕ್ಷಗಳಲ್ಲಿ ನುಸುಳುವುದು ಬಹಳ ಸಲ ಇದರಿಂದಲೇ.

ಸ್ಟ್ಯಾಂಡಿಶ್ ತನ್ನನ್ನು ಇಬ್ಬರು ಪ್ರೀತಿಯ ಹೆಣ್ಣುಮಕ್ಕಳ ಬಳಿ ಹೂಳಬೇಕೆಂದು ಕೇಳಿದ್ದಾನೆ: ಮಗಳು ಲೋರಾ, ‘ಡಾಟರ್ ಇನ್ ಲಾ’ ಮೇರಿ. ಈ ಪದವನ್ನು ಕನ್ನಡಕ್ಕೆ ತರಲು ಹೊರಟರೆ ಅಲ್ಲೇ ನಿಲ್ಲಬೇಕಾಗುತ್ತದೆ. ಸೊಸೆಯೋ, ಮಲಮಗಳೋ? ಆ ಕಾಲದ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ‘ಸನ್ ಇನ್ ಲಾ’ ಅಳಿಯನೂ ಆಗಬಹುದು, ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. ‘ಕಸಿನ್’ ಎಂದರೆ ಅಣ್ಣನ ಮಗ, ತಂಗಿಯ ಮಗಳು, ದೂರದ ದಾಯಾದಿ ಯಾರೂ ಆಗಬಹುದು. ‘ಬ್ರದರ್’ ಎಂಬುದು ಭಾವಮೈದುನನಿಗೂ, ಷಡ್ಡಕನಿಗೂ, ಒಂದೇ ಚರ್ಚಿನ ಸದಸ್ಯನಿಗೂ ಸಲ್ಲುತ್ತದೆ. ‘ಸೀನಿಯರ್’, ‘ಜೂನಿಯರ್’ ತಂದೆ–ಮಗನೇ ಆಗಬೇಕಿಲ್ಲ. ಒಂದೂರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸಿನಲ್ಲಿ ಹಿರಿಯನಿಗೆ ಸೀನಿಯರ್, ಅವನು ಸತ್ತ ಮೇಲೆ ಜೂನಿಯರೇ ಸೀನಿಯರ್. ನಮ್ಮ ಭಾಷೆಯಲ್ಲಿ ಸೋದರಮಾವ, ದೊಡ್ಡಪ್ಪ, ಚಿಕ್ಕಪ್ಪ, ನಾದಿನಿ, ಓರಗಿತ್ತಿ ಬೇರೆ ಬೇರೆ ಇರುವುದು ಇಲ್ಲಿ ದೊಡ್ಡ ಉಪಕಾರ. ಪ್ರತಿ ಸಂಬಂಧವನ್ನೂ ಕನ್ನಡದಲ್ಲಿ ಬರೆದುಕೊಳ್ಳಲು ಹೊರಟರೆ ಎಲ್ಲೆಲ್ಲಿ ನಮಗೆ ನಿಜಕ್ಕೂ ಗೊತ್ತಿಲ್ಲವೋ ಅಲ್ಲೆಲ್ಲ ಲೇಖನಿ ತಾನಾಗಿ ನಿಲ್ಲುತ್ತದೆ.

ಮೇರಿ ಸೊಸೆ. ಮಗ ಜೊಸಾಯಾ ಮೇರಿ ಡಿಂಗ್ಲಿಯನ್ನು 1654ರ ಡಿಸೆಂಬರ್‌ನಲ್ಲಿ ಮದುವೆಯಾದ, ಆಕೆ ಮರುವರ್ಷವೇ ತೀರಿಕೊಂಡಳು. ಇದು ಉಯಿಲಿನಿಂದ ತಿಳಿಯುವುದಿಲ್ಲ, ಊರಿನ ಮದುವೆ–ಮರಣಗಳ ದಾಖಲೆಯಿಂದ ತಿಳಿಯುತ್ತದೆ. ಉಯಿಲಿನಲ್ಲಿ ಜೊಸಾಯಾಗೆ ಮದುವೆಯ ಬಾಬ್ತು ಒಂದು ಎಳೆ ಕುದುರೆ, ಐದು ಕುರಿ, ಎರಡು ಕಡಸು ಎಂದಿದೆ. ಅದನ್ನಷ್ಟೇ ಓದಿದವರು ಅವನಿಗಿನ್ನೂ ಮದುವೆಯಾಗಿಲ್ಲ ಎಂದು ಬರೆದುಕೊಳ್ಳುತ್ತಾರೆ. ಅದೇ ಉಯಿಲಿನಲ್ಲಿ ಮರ್ಸಿ ರಾಬಿನ್ಸನ್ ಎಂಬ ಹುಡುಗಿಗೆ ‘ಅವಳ ಅಜ್ಜನ ಸಲುವಾಗಿ ನಾನು ಅಕ್ಕರೆಯಿಂದ ಕಾಣುವ’ ಎಂದು ಮೂರು ಪೌಂಡು ಇದೆ. ಆ ಅಜ್ಜ ಹಾಲೆಂಡಿನ ಲೈಡನ್‌ನಲ್ಲಿ ಈ ಜನರ ಪಾದ್ರಿಯಾಗಿದ್ದು, ಅಮೆರಿಕಕ್ಕೆ ಬಾರದೆ ಅಲ್ಲೇ ತೀರಿಕೊಂಡ ಜಾನ್ ರಾಬಿನ್ಸನ್. ರಕ್ತಸಂಬಂಧವಿಲ್ಲದವರಿಗೆ ಬಿಟ್ಟ ಪುಟ್ಟ ಮೊತ್ತಗಳನ್ನು ಜನ ಹಾರಿಸಿಬಿಡುತ್ತಾರೆ. ಒಂದು ಕುಟುಂಬ ಯಾವ ಗುಂಪಿನ ಜೊತೆ ಹೊರಟಿತು, ಯಾವ ಊರಿನಲ್ಲಿ ಯಾರ ಪಕ್ಕದಲ್ಲಿತ್ತು ಎಂಬ ದಾರಿ ತೆರೆಯುವುದು ಅವುಗಳಿಂದಲೇ.

ಕೊನೆಯಲ್ಲಿ ಅವನು ಹಿರಿಯ ಮಗ ಅಲೆಕ್ಸಾಂಡರ್‌ಗೆ ಇಂಗ್ಲೆಂಡಿನ ಜಮೀನುಗಳನ್ನು ಬಿಟ್ಟಿದ್ದಾನೆ. ಲ್ಯಾಂಕಾಶೈರ್‌ನ ಊರುಗಳ ಹೆಸರು, ಐಲ್ ಆಫ್ ಮ್ಯಾನ್ ದ್ವೀಪದ ಹೆಸರು ಸಾಲಾಗಿ ಇವೆ: ಇವು ನ್ಯಾಯವಾಗಿ ನನ್ನವು, ಕಪಟದಿಂದ ನನಗೆ ದಕ್ಕದಂತೆ ಮಾಡಿದ್ದಾರೆ, ನನ್ನ ಮುತ್ತಾತ ಸ್ಟ್ಯಾಂಡಿಶ್ ಮನೆತನದ ಎರಡನೆಯ ಅಥವಾ ಕಿರಿಯ ಸಹೋದರ, ಎಂದು. ಈ ಒಂದು ವಾಕ್ಯದ ಮೇಲೆ ಅವನು ಹುಟ್ಟಿದ್ದು ಲ್ಯಾಂಕಾಶೈರ್‌ನಲ್ಲೋ ಐಲ್ ಆಫ್ ಮ್ಯಾನ್‌ನಲ್ಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಒಬ್ಬನು ತನ್ನ ವಂಶದ ಬಗ್ಗೆ ತಾನೇ ಹೇಳಿಕೊಂಡದ್ದು ಅವನು ಏನು ನಂಬಿದ್ದ ಎಂಬುದಕ್ಕೆ ಸಾಕ್ಷಿ. ಅದು ನಿಜವೇ ಎಂಬುದಕ್ಕೆ ಬೇರೆ ಕಾಗದ ಬೇಕು.

ಉಯಿಲೇ ಇಲ್ಲದವರ ಕಾಗದ

ಉಯಿಲು ಸಿಗಲಿಲ್ಲ ಎಂದು ಪ್ರೊಬೇಟ್ ದಾಖಲೆಯನ್ನೇ ಬಿಟ್ಟುಬಿಡುವುದು ಅತಿ ದೊಡ್ಡ ನಷ್ಟ. ಉಯಿಲು ಬರೆಯದೆ ಸತ್ತವನ ಕಡತದಲ್ಲಿ ಹೆಚ್ಚು ಕಾಗದಗಳಿರುತ್ತವೆ, ಏಕೆಂದರೆ ಅವನ ಬದಲು ಕೋರ್ಟೇ ಎಲ್ಲರನ್ನೂ ಎಣಿಸಬೇಕಾಗುತ್ತದೆ. ಮೊದಲು ಆಡಳಿತಗಾರನ ಜಾಮೀನು ಮುಚ್ಚಳಿಕೆ; ಜಾಮೀನು ನಿಂತವರು ಹೆಚ್ಚಾಗಿ ಹೆಂಡತಿಯ ಅಣ್ಣ, ಅಳಿಯ, ಪಕ್ಕದ ಜಮೀನಿನವನು. ಆಮೇಲೆ ನೆರೆಯ ಇಬ್ಬರು ಮೂವರು ಮನೆಗೆ ಬಂದು ಕೋಣೆ ಕೋಣೆ ಸುತ್ತಿ ಬರೆದ ಆಸ್ತಿಪಟ್ಟಿ, ನಮ್ಮ ಮಹಜರಿನಂತೆ. ಆಮೇಲೆ ಸಾಲ, ಶವಸಂಸ್ಕಾರದ ಖರ್ಚು, ಮಕ್ಕಳ ಪಾಲನೆಯ ಖರ್ಚು ತೋರಿಸುವ ಲೆಕ್ಕಪತ್ರ. ಆಮೇಲೆ ವಿಧವೆಯ ಮೂರನೇ ಒಂದು ಪಾಲು ಗುರುತಿಸಿದ ಕಾಗದ, ವಿಭಾಗ ಪತ್ರ, ಅಪ್ರಾಪ್ತ ಮಕ್ಕಳ ಪೋಷಕರ ನೇಮಕ, ಕಡೆಯಲ್ಲಿ ಹಕ್ಕು ಬಿಡುಗಡೆ ಪತ್ರ.

ಪೋಷಕರ ಕಾಗದದಿಂದ ವಯಸ್ಸು ತಿಳಿಯುತ್ತದೆ. ಹದಿನಾಲ್ಕರೊಳಗಿನ ಮಗುವಿಗೆ ಕೋರ್ಟೇ ಪೋಷಕನನ್ನು ಗೊತ್ತುಮಾಡುತ್ತಿತ್ತು, ಹದಿನಾಲ್ಕು ತುಂಬಿದವರು ತಾವೇ ಆರಿಸಿಕೊಳ್ಳಬಹುದಿತ್ತು. 1723ರಲ್ಲಿ ಒಬ್ಬ ಹುಡುಗ ‘ಆರಿಸಿಕೊಂಡ’ ಎಂದಿದ್ದರೆ ಅವನು ಹುಟ್ಟಿದ್ದು 1709ರೊಳಗೆ. ಪೋಷಕನ ನೇಮಕವಾಯಿತು ಎಂದು ತಾಯಿ ಸತ್ತಳು ಎಂದುಕೊಳ್ಳಬಾರದು; ಪೋಷಕ ಬೇಕಾದದ್ದು ಆಸ್ತಿಗೆ. ತಂದೆತಾಯಿ ಇಬ್ಬರೂ ಬದುಕಿದ್ದು ಅಜ್ಜನಿಂದ ಆಸ್ತಿ ಬಂದಾಗಲೂ ಪೋಷಕನಿರುತ್ತಾನೆ.

ಪಾಲಿನ ಲೆಕ್ಕದಿಂದ ಮಕ್ಕಳನ್ನು ಎಣಿಸಬಹುದು. ಮ್ಯಾಸಚೂಸೆಟ್ಸ್‌ನಲ್ಲಿ 1780ರ ದಶಕದ ಕೊನೆಯವರೆಗೂ ಉಯಿಲಿಲ್ಲದ ಆಸ್ತಿಯಲ್ಲಿ ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು. ಬೈಬಲಿನ ಧರ್ಮೋಪದೇಶಕಾಂಡದಿಂದ ತಂದ ನಿಯಮ ಅದು. ಮಕ್ಕಳು ಐದಾದರೆ ಪಾಲು ಆರು. ಹಾಗಾಗಿ, ಯಾರೋ ಒಬ್ಬರು ‘ತಂದೆಯ ಜಮೀನಿನಲ್ಲಿ ನನ್ನ ಏಳನೇ ಒಂದು ಪಾಲು’ ಎಂದು ಮಾರಿದ ಕ್ರಯಪತ್ರ ಸಿಕ್ಕರೆ, ಮಕ್ಕಳು ಆರು ಎಂದು ಎಣಿಸಿ ಆರು ಹೆಸರು ಹುಡುಕಬೇಕು. ಗಂಡುಮಕ್ಕಳಿಲ್ಲದ ಮನೆಯಾದರೆ ಏಳು. ಬಹಳ ಜನ ತಪ್ಪಿಸಿಕೊಳ್ಳುವ ಇನ್ನೊಂದು ಕಾಗದವಿದೆ. ವಿಧವೆಯ ಮೂರನೇ ಪಾಲಿನ ಜಮೀನು ಆಕೆಯ ಜೀವಮಾನಕ್ಕೆ ಮಾತ್ರ. ಆಕೆ ಮೂವತ್ತು ವರ್ಷ ಬದುಕಿ ಸತ್ತರೆ ಆ ಭಾಗವನ್ನು ಮತ್ತೆ ವಾರಸುದಾರರಿಗೆ ಹಂಚಬೇಕು. ಆ ಹೊತ್ತಿಗೆ ಮಕ್ಕಳಲ್ಲಿ ಕೆಲವರು ಸತ್ತು ಮೊಮ್ಮಕ್ಕಳು ಬಂದಿರುತ್ತಾರೆ, ಹೆಣ್ಣುಮಕ್ಕಳ ಪಕ್ಕ ಗಂಡಂದಿರ ಹೆಸರು ಸೇರಿರುತ್ತದೆ. ಗಂಡನ ಕಡತದಲ್ಲೇ, ಅವನು ಸತ್ತ ಎಷ್ಟೋ ವರ್ಷದ ಮೇಲೆ, ಎರಡನೆಯ ವಂಶವೃಕ್ಷ ಕಾದಿರುತ್ತದೆ. ಆದ್ದರಿಂದ ಸೂಚಿಯಲ್ಲಿ ಸತ್ತ ವರ್ಷದ ಆಸುಪಾಸು ಮಾತ್ರ ನೋಡಿ ಮುಚ್ಚಬಾರದು, ನಲವತ್ತು ವರ್ಷ ಮುಂದಕ್ಕೆ ಹೋಗಬೇಕು.

ಎಲ್ಲಿ ಹುಡುಕುವುದು ಎಂಬುದು ಸತ್ತ ದಿನ ಆ ಊರು ಯಾವ ಕೌಂಟಿಯಲ್ಲಿತ್ತು ಎಂಬುದನ್ನು ಅವಲಂಬಿಸುತ್ತದೆ. ಪ್ಲಿಮತ್ ವಸಾಹತಿನಲ್ಲಿ 1685ರವರೆಗೆ ಕೌಂಟಿಗಳೇ ಇರಲಿಲ್ಲ, ಉಯಿಲುಗಳು ವಸಾಹತಿನ ಕೋರ್ಟಿನಲ್ಲೇ ದಾಖಲಾಗುತ್ತಿದ್ದವು. ಆಮೇಲೆ ಪ್ಲಿಮತ್, ಬಾರ್ನ್‌ಸ್ಟಬಲ್, ಬ್ರಿಸ್ಟಲ್ ಕೌಂಟಿಗಳಾದವು. ವುಸ್ಟರ್ ಕೌಂಟಿ ಆದದ್ದು 1731ರಲ್ಲಿ. ಬೋಸ್ಟನ್ನಿನ ದಕ್ಷಿಣದ ಊರುಗಳು ಸಫೋಕ್‌ನಿಂದ ನಾರ್ಫೋಕ್‌ಗೆ 1793ರಲ್ಲಿ ಹೋದವು, ಹಳೆಯ ಕಾಗದ ಸಫೋಕ್‌ನಲ್ಲೇ ಉಳಿಯಿತು. ಈ ಕಾಗದಗಳಲ್ಲಿ ಬಹುಪಾಲಿನ ಚಿತ್ರಗಳು ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಉಚಿತವಾಗಿವೆ. ಕಡತದ ಮೂಲ ಹಾಳೆಗಳೂ ಗುಮಾಸ್ತರು ನಕಲು ಮಾಡಿದ ದೊಡ್ಡ ರಿಜಿಸ್ಟರೂ ಬೇರೆ ಬೇರೆ. ಎರಡೂ ಉಳಿದಿದ್ದರೆ ಎರಡನ್ನೂ ಓದಬೇಕು. ರಿಜಿಸ್ಟರಿನಲ್ಲಿ ರುಜುಗಳಿಲ್ಲ, ಹೆಬ್ಬೆಟ್ಟಿನ ಬದಲು ಹಾಕಿದ ಗುರುತುಗಳಿಲ್ಲ, ಎಷ್ಟೋ ಸಲ ಪುಟ್ಟ ಚೀಟಿಗಳಿಲ್ಲ. ನಕಲಿಗ ಮರ್ಸಿಯನ್ನು ಮೇರಿ ಮಾಡಿರುತ್ತಾನೆ.

ಅಕ್ಷರ ಕಾಡುತ್ತದೆ, ಆದರೆ ಸೋಲಿಸುವುದಿಲ್ಲ. ಮೊದಲ ಒಂದೆರಡು ಸಾಲು ಬಹುಪಾಲು ಉಯಿಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಾರ್ಥನೆ. ಅದನ್ನು ಕೀಲಿಕೈ ಮಾಡಿಕೊಂಡು ಆ ಗುಮಾಸ್ತನ ಒಂದೊಂದು ಅಕ್ಷರದ ಮಾದರಿಯನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ಪದದ ಮೊದಲಲ್ಲಿ ಜೋಡಿ ‘ಎಫ್’ ಬಂದರೆ ಅದು ದೊಡ್ಡಕ್ಷರದ ಒಂದು ‘ಎಫ್’. ರೋಮನ್ ಅಂಕಿಯ ಕೊನೆಯ ‘ಐ’ಯನ್ನು ‘ಜೆ’ ಎಂದು ಬರೆಯುತ್ತಿದ್ದರು, ಮಲ್ಲಿನ್ಸ್‌ನ 21 ಡಜನ್ ಇರುವುದು ಹಾಗೇ. ಹಣ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ನಮ್ಮ ಹಳೆಯ ಆಣೆ–ಪೈ ಲೆಕ್ಕ ತಿಳಿದವರಿಗೆ ಕೈಗೆ ಹತ್ತುತ್ತದೆ. ಆಸ್ತಿಪಟ್ಟಿಯ ಮೊತ್ತವನ್ನು ತಾವೇ ಕೂಡಿ ನೋಡಬೇಕು. ತಾಳೆಯಾಗದಿದ್ದರೆ ಒಂದು ಸಾಲು ತಪ್ಪಾಗಿ ಓದಿದ್ದೇವೆ, ಇಲ್ಲವೇ ಅವರೇ ತಪ್ಪು ಕೂಡಿದ್ದಾರೆ.

ಆಸ್ತಿಪಟ್ಟಿಯಲ್ಲಿ ಕಂಚಿನ ಪಾತ್ರೆ, ಹಸು, ಹಾಸಿಗೆಗಳ ನಡುವೆ ಮನುಷ್ಯರೂ ಬರುತ್ತಾರೆ. ‘ಒಬ್ಬ ನೀಗ್ರೋ ಆಳು’ ಎಂದು, ಮುಂದೆ ಪೌಂಡಿನಲ್ಲಿ ಬೆಲೆ. ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮಗಿರಿಗೆ ಕೋರ್ಟಿನ ಬಲ ತಪ್ಪಿದ್ದು 1781ರಿಂದ 83ರ ಕ್ವಾಕ್ ವಾಕರ್ ಮೊಕದ್ದಮೆಗಳಲ್ಲಿ. ವಲಸಿಗನ ವಂಶ ಹುಡುಕುವವರು ಆ ಸಾಲನ್ನು ದಾಟಿ ಹೋಗಬಾರದು. ಹೆಸರಿದ್ದರೆ ಹೆಸರು, ಬೆಲೆ, ಯಾರ ಪಾಲಿಗೆ ಹೋದರು ಎಂಬುದನ್ನು ಮನೆಯವರ ಹೆಸರಿನಷ್ಟೇ ನಿಷ್ಠೆಯಿಂದ ಬರೆದಿಡಬೇಕು. ಅವರ ಮಕ್ಕಳ ಮಕ್ಕಳಿಗೆ ಆ ಒಂದು ಸಾಲು ಬಿಟ್ಟರೆ ಬೇರೆ ಕಾಗದ ಇಲ್ಲದಿರಬಹುದು. ಇದೇ ನೆಲದ ಮೂಲಜನರಾದ ವಾಂಪನೊಆಗ್‌ಗಳೂ ಹದಿನೆಂಟನೆಯ ಶತಮಾನದಲ್ಲಿ ತಮ್ಮದೇ ಭಾಷೆಯಲ್ಲಿ ಉಯಿಲು ಬರೆದರು. ಅವುಗಳಲ್ಲಿ ಕೆಲವು ಉಳಿದಿವೆ. ಆಡುವವರಿಲ್ಲದೆ ಹೋಗಿದ್ದ ಆ ಭಾಷೆಯನ್ನು ಮತ್ತೆ ಕಟ್ಟುವಾಗ ಇಂಥ ಕಾಗದಗಳೇ ಒದಗಿಬಂದವು.

1688ರ ಹಕ್ಕು ಬಿಡುಗಡೆ

ಉಳಿದ ಒಬ್ಬಳೇ ಪ್ರಿಸಿಲ್ಲಾ ಜಾನ್ ಆಲ್ಡನ್‌ನನ್ನು ಮದುವೆಯಾದಳು. ಬ್ರಾಡ್‌ಫರ್ಡ್ ಬರೆದ ಹೊತ್ತಿಗೆ ಇಬ್ಬರೂ ಬದುಕಿದ್ದರು, ಹನ್ನೊಂದು ಮಕ್ಕಳು. ಆಲ್ಡನ್ 1687ರ ಸೆಪ್ಟೆಂಬರ್‌ನಲ್ಲಿ ಡಕ್ಸ್‌ಬರಿಯಲ್ಲಿ ತೀರಿಕೊಂಡಾಗ ಉಯಿಲಿರಲಿಲ್ಲ. ಅಕ್ಟೋಬರ್ 31ರ ಆಸ್ತಿಪಟ್ಟಿಯ ಮೊತ್ತ 49 ಪೌಂಡ್ 17 ಶಿಲ್ಲಿಂಗ್ 6 ಪೆನ್ಸ್. ದಶಕಗಳ ಕಾಲ ವಸಾಹತಿನ ಮುಖಂಡನಾಗಿದ್ದವನಿಗೆ ಇದು ಬಡತನದ ಗುರುತಲ್ಲ. ಜಮೀನನ್ನೆಲ್ಲ ಬದುಕಿದ್ದಾಗಲೇ ಮಕ್ಕಳಿಗೆ ಬರೆದುಕೊಟ್ಟಿದ್ದ, ಆ ಪತ್ರಗಳು ಬೇರೆ ರಿಜಿಸ್ಟರಿನಲ್ಲಿವೆ. ಪ್ರೊಬೇಟ್ ಓದಿದವರು ಕ್ರಯಪತ್ರಗಳನ್ನೂ ಓದಲೇಬೇಕು ಎನ್ನುವುದು ಇದಕ್ಕೆ.

ಆಡಳಿತಗಾರನಾದದ್ದು ಮಗ ಜೊನಾಥನ್. 1688ರ ಜೂನ್ 13ರಂದು ಉಳಿದವರು, ನಮ್ಮ ನಮ್ಮ ಪಾಲು ನಮಗೆ ಸಂದಿದೆ, ಎಂದು ಅವನಿಗೆ ಹಕ್ಕು ಬಿಡುಗಡೆ ಬರೆದುಕೊಟ್ಟರು. ಮೊದಲ ರುಜು ಅಲೆಕ್ಸಾಂಡರ್ ಸ್ಟ್ಯಾಂಡಿಶ್‌ನದು, ‘ತೀರಿಕೊಂಡ ನನ್ನ ಹೆಂಡತಿ ಸಾರಾಳ ಹಕ್ಕಿನಿಂದ’. ಸೇನಾ ನಾಯಕನ ಉಯಿಲಿನ ಹಿರಿಯ ಮಗ ಇವನೇ; ಎರಡು ಕಡತಗಳು ಇಲ್ಲಿ ಕೂಡಿಕೊಳ್ಳುತ್ತವೆ. ಎರಡನೆಯದು ಜಾನ್ ಬಾಸ್‌ನದು, ‘ತೀರಿಕೊಂಡ ನನ್ನ ಹೆಂಡತಿ ರೂತ್‌ಳ ಹಕ್ಕಿನಿಂದ’. ಅಮೆರಿಕದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಈ ರೂತ್‌ಳ ಮರಿಮಗ. ಆಮೇಲೆ ಮೇರಿ ಆಲ್ಡನ್, ಥಾಮಸ್ ಡೆಲಾನೊ, ಜಾನ್, ಜೋಸೆಫ್, ಡೇವಿಡ್, ಪ್ರಿಸಿಲ್ಲಾ, ವಿಲಿಯಂ ಪೀಬಡಿ. ಡೆಲಾನೊ, ಪೀಬಡಿ ಇಬ್ಬರೂ ಹೆಂಡತಿಯ ಹೆಸರು ಬರೆದಿಲ್ಲ. ರೆಬೆಕಾ, ಎಲಿಜಬೆತ್ ಎಂಬ ಹೆಸರುಗಳನ್ನು ಬೇರೆಡೆಯಿಂದ ತರಬೇಕು. ರುಜು ಒಂಬತ್ತು, ಜೊನಾಥನ್ ಸೇರಿ ಹತ್ತು. ಬ್ರಾಡ್‌ಫರ್ಡ್ ಹೇಳಿದ ಹನ್ನೊಂದನೆಯ ಮಗು ಇದರಲ್ಲಿ ಇಲ್ಲ. ಮದುವೆಯಾಗದೆ, ಮಕ್ಕಳಿಲ್ಲದೆ ಮುಂಚೆಯೇ ಹೋದ ಮಗುವಿಗೆ ಪಾಲಿಲ್ಲ. ಪಾಲಿಲ್ಲದವರಿಗೆ ಪ್ರೊಬೇಟ್ ಕಾಗದದಲ್ಲಿ ಜಾಗವಿಲ್ಲ.

ಪಟ್ಟಿಯಲ್ಲಿರುವ ಪ್ರಿಸಿಲ್ಲಾ ಆಲ್ಡನ್ ಎಂಬ ರುಜುವನ್ನು ತಾಯಿಯದೆಂದು ಓದಬಾರದು. ವಿಧವೆ ಬದುಕಿದ್ದರೆ ಆಕೆಯ ಮೂರನೇ ಪಾಲನ್ನು ಬೇರೆಯಾಗಿಯೇ ಗುರುತಿಸಬೇಕಿತ್ತು, ಮಕ್ಕಳ ಸಾಲಿನಲ್ಲಿ ಎಂಟನೆಯವಳಾಗಿ ಅವಳು ರುಜು ಹಾಕುತ್ತಿರಲಿಲ್ಲ. ಅದು ತಾಯಿಯ ಹೆಸರಿಟ್ಟ ಮಗಳು. 1621ರಲ್ಲಿ ಹತ್ತು ಪೌಂಡು, ಎರಡು ಷೇರು, ಸಾಮಾನಿನಲ್ಲಿ ಕಾಲು ಭಾಗ ಪಡೆದ ಪ್ರಿಸಿಲ್ಲಾ ಮಲ್ಲಿನ್ಸ್ ಗಂಡನಿಗಿಂತ ಮುಂಚೆಯೇ ಹೋಗಿದ್ದಳು ಎಂದು ಈ ಕಾಗದದಿಂದ ಊಹಿಸಬಹುದು. ಗಂಡ ಬದುಕಿರುವಾಗ ಹೆಂಡತಿ ಅವನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿರಲಿಲ್ಲ. ಆಕೆಯ ಹೆಸರಿನಲ್ಲಿ ಬೇರೆ ಕಡತವಿಲ್ಲ.